ಡ್ರೈವರ್ ಇಲ್ಲದ ಟ್ಯಾಕ್ಸಿಗೆ ವಿಸಿಲ್ ಊದುವವರು

2021ರ ಮೇ ತಿಂಗಳು. ಅಮೆರಿಕದ ಅರಿಜೋನಾದ ಚಾಂಡ್ಲರ್ ಎಂಬ ಊರು. ವೇಮೋ ಕಂಪನಿಯ ಡ್ರೈವರ್ ಇಲ್ಲದ ಟ್ಯಾಕ್ಸಿಯಲ್ಲಿ ಪ್ರಯಾಣಿಕರೊಬ್ಬರು ಹಿಂದಿನ ಸೀಟಿನಲ್ಲಿ ಕೂತು ವಿಡಿಯೊ ಮಾಡಿಕೊಳ್ಳುತ್ತಿದ್ದರು. ಕಾರು ಬಲಕ್ಕೆ ತಿರುಗಬೇಕಿತ್ತು. ತಿರುಗಬೇಕಾದ ರಸ್ತೆಯ ಒಂದು ಲೇನಿಗೆ ಕಿತ್ತಳೆ ಬಣ್ಣದ ಕೋನ್‌ಗಳನ್ನು ಸಾಲಾಗಿ ಇಟ್ಟಿದ್ದರು. ಕಾರು ನಿಂತುಬಿಟ್ಟಿತು. ಸ್ವಲ್ಪ ಹೊತ್ತಿನ ಮೇಲೆ ಮುಂದೆ ಹೋಗಿ ರಸ್ತೆಗೆ ಅಡ್ಡ ನಿಂತಿತು. ಕಂಪನಿಯ ಜನ ಸಹಾಯಕ್ಕೆ ಬಂದರು. ಅವರು ಹತ್ತಿರ ಬರುವಷ್ಟರಲ್ಲಿ ಕಾರು ಹೊರಟೇಬಿಟ್ಟಿತು, ಹಗ್ಗ ಹಿಡಿದು ಬಂದವರನ್ನು ಕಂಡ ಕರುವಿನ ಹಾಗೆ. ಮುಂದೆ ಹೋಗಿ ಮತ್ತೆ ನಿಂತಿತು. ಕೊನೆಗೆ ಸಿಬ್ಬಂದಿಯೊಬ್ಬರು ಒಳಗೆ ಕೂತು, ಸ್ಟೀರಿಂಗ್ ಹಿಡಿದು, ಆ ಪ್ರಯಾಣ ಮುಗಿಸಿದರು.

ವಿಡಿಯೊ ನೋಡಿದವರೆಲ್ಲ ನಕ್ಕರು. ನನಗೆ ಕುತೂಹಲ ಹುಟ್ಟಿಸಿದ್ದು ಆಮೇಲೆ ಕಂಪನಿ ಕೊಟ್ಟ ವಿವರಣೆ. ಕಾರಿಗೆ ಅನುಮಾನ ಬಂತು, ದೂರದಲ್ಲಿ ಕೂತಿದ್ದ ನಮ್ಮ ಸಿಬ್ಬಂದಿಯನ್ನು ಕೇಳಿತು, ಅವರು ತಪ್ಪು ಮಾಹಿತಿ ಕೊಟ್ಟರು, ಅದರಿಂದಲೇ ಕಾರಿಗೆ ಮುಂದಿನ ದಾರಿ ಕಷ್ಟವಾಯಿತು. ಕಂಪನಿ ಹೇಳಿದ್ದು ಇಷ್ಟು. ಡ್ರೈವರ್ ಇಲ್ಲದ ಕಾರಿನ ಹಿಂದೆಯೂ ಒಬ್ಬ ಮನುಷ್ಯ ಇದ್ದಾನೆ ಅಂತ ಇದರಿಂದ ಗೊತ್ತಾಗುತ್ತದೆ. ಆ ಮನುಷ್ಯನ ಕೈಯಲ್ಲಿ ಸ್ಟೀರಿಂಗ್ ಇಲ್ಲ ಅಂತಲೂ ಗೊತ್ತಾಗುತ್ತದೆ. ಇದ್ದಿದ್ದರೆ ಸುಮ್ನೆ ತಿರುಗಿಸಿಕೊಂಡು ಹೋಗುತ್ತಿದ್ದ, ಅಲ್ವಾ?

ಈ ಎರಡನೆಯ ಮಾತನ್ನು ಜನ ನಂಬುವುದಿಲ್ಲ. 2026ರ ಫೆಬ್ರವರಿಯಲ್ಲಿ ಅಮೆರಿಕದ ಸೆನೆಟ್ ಸಮಿತಿಯೊಂದರ ಮುಂದೆ ವೇಮೋದ ಸುರಕ್ಷತಾ ಮುಖ್ಯಸ್ಥರು ಮಾತಾಡಿದರು. ದೂರದ ಸಹಾಯಕರಲ್ಲಿ ಕೆಲವರು ಫಿಲಿಪ್ಪೀನ್ಸ್‌ನಲ್ಲಿದ್ದಾರೆ ಎಂದು ಅಲ್ಲಿ ಒಪ್ಪಿಕೊಂಡರು. ಸುದ್ದಿ ಹರಡಲು ಎಷ್ಟು ಹೊತ್ತು! "ಸ್ಯಾನ್ ಫ್ರಾನ್ಸಿಸ್ಕೋದ ಕಾರನ್ನು ಫಿಲಿಪ್ಪೀನ್ಸ್‌ನಲ್ಲಿ ಕೂತು ಓಡಿಸುತ್ತಾರಂತೆ" ಅಂತ ಎಲ್ಲ ಕಡೆ ಬಂತು. ಕಾಲ್ ಸೆಂಟರ್ ಊರಿನವರಾದ ನಮಗಂತೂ ಇದನ್ನು ನಂಬುವುದು ಇನ್ನೂ ಸುಲಭ. ಅಮೆರಿಕದವರ ಬ್ಯಾಂಕ್ ಕಾರ್ಡು ಕಳೆದುಹೋದರೆ ಬೆಂಗಳೂರಿನಲ್ಲಿ ಫೋನ್ ಎತ್ತುತ್ತಿದ್ದೆವು, ಕಾರು ಓಡಿಸುವುದೇನು ಮಹಾ!

ಹಾಗಾದರೆ ಈ ಟ್ಯಾಕ್ಸಿ ಸೂತ್ರದ ಗೊಂಬೆಯಾ? ಅಲ್ಲ. ಗೊಂಬೆಯಾಟದಲ್ಲಿ ಸೂತ್ರ ಬಿಟ್ಟರೆ ಗೊಂಬೆ ಬೀಳುತ್ತದೆ. ಇಲ್ಲಿ ನಡೆಯುವುದಕ್ಕೆ ಹತ್ತಿರದ ಹೋಲಿಕೆ ನಮ್ಮ ಬಸ್ ಸ್ಟ್ಯಾಂಡಿನಲ್ಲೇ ಇದೆ. ಬಸ್ಸು ಹಿಂದೆ ತೆಗೆಯಬೇಕು. ಡ್ರೈವರಿಗೆ ಹಿಂದಿನದು ಪೂರ್ತಿ ಕಾಣುವುದಿಲ್ಲ. ಕಂಡಕ್ಟರ್ ಕೆಳಗಿಳಿದು ಹಿಂದೆ ನಿಂತು ವಿಸಿಲ್ ಊದುತ್ತಾನೆ, "ಬರ್ಲಿ ಬರ್ಲಿ" ಅನ್ನುತ್ತಾನೆ, ಕೊನೆಗೆ "ಓಲ್ಡಾನ್" ಅಂತ ಬಸ್ಸಿನ ಮೈಗೆ ತಟ್ಟುತ್ತಾನೆ. ಕಂಡಕ್ಟರ್ ಬಸ್ಸು ಓಡಿಸಿದನಾ? ಇಲ್ಲ. ಕ್ಲಚ್ಚು, ಬ್ರೇಕು, ಸ್ಟೀರಿಂಗ್ ಎಲ್ಲವೂ ಡ್ರೈವರ್ ಹತ್ತಿರವೇ ಇವೆ. ಕಂಡಕ್ಟರ್ "ಬರ್ಲಿ" ಅಂದರೂ ಕನ್ನಡಿಯಲ್ಲಿ ಮಗು ಕಂಡರೆ ಡ್ರೈವರ್ ಬ್ರೇಕ್ ಒತ್ತುತ್ತಾನೆ. ರೋಬೋಟ್ಯಾಕ್ಸಿಯಲ್ಲಿ ಡ್ರೈವರ್ ಜಾಗದಲ್ಲಿ ಕಂಪ್ಯೂಟರ್ ಕೂತಿದೆ, ಕಂಡಕ್ಟರ್ ಎಷ್ಟೋ ಮೈಲಿ ಆಚೆ ಪರದೆ ನೋಡುತ್ತಾ ಕೂತಿದ್ದಾನೆ. ಇದಕ್ಕೆ ರಿಮೋಟ್ ಅಸಿಸ್ಟೆನ್ಸ್ ಅನ್ನುತ್ತಾರೆ. ವೇಮೋ ತನ್ನ ತಂಡವನ್ನು ಫ್ಲೀಟ್ ರೆಸ್ಪಾನ್ಸ್ ಎಂದು ಕರೆಯುತ್ತದೆ. ಕ್ವಿಜ್ ಕಾರ್ಯಕ್ರಮಗಳಲ್ಲಿ ಬರುವ "ಫೋನ್ ಎ ಫ್ರೆಂಡ್" ಥರ ಅಂತ ಅದೇ ಕಂಪನಿ ವಿವರಿಸಿದೆ. ನನಗೆ ಕಂಡಕ್ಟರೇ ಇಷ್ಟ.

ದೂರದಿಂದ ನಿಜವಾಗಿಯೂ ಕಾರು ಓಡಿಸುವವರು ಇಲ್ಲ ಅಂತಲ್ಲ. ವೇ ಎಂಬ ಜರ್ಮನಿಯ ಕಂಪನಿ 2024ರಿಂದ ಲಾಸ್ ವೇಗಸ್‌ನಲ್ಲಿ ಇದನ್ನು ವ್ಯಾಪಾರವಾಗಿಯೇ ಮಾಡುತ್ತಿದೆ. ನೀವು ಬಾಡಿಗೆ ಕಾರು ಕೇಳುತ್ತೀರಿ. ಆಫೀಸಿನಲ್ಲಿ ಸ್ಟೀರಿಂಗ್, ಪೆಡಲ್, ಪರದೆಗಳ ಮುಂದೆ ಕೂತ ಡ್ರೈವರ್ ಖಾಲಿ ಕಾರನ್ನು ನಿಮ್ಮ ಮನೆ ಬಾಗಿಲಿಗೆ ತಂದು ನಿಲ್ಲಿಸುತ್ತಾರೆ. ಮುಂದೆ ನೀವೇ ಓಡಿಸಿಕೊಂಡು ಹೋಗಬೇಕು. ಇದು ರಿಮೋಟ್ ಡ್ರೈವಿಂಗ್. ಚೀನಾದಲ್ಲಿ ಬೈದು ಕಂಪನಿಯೂ ತನ್ನ ರೋಬೋಟ್ಯಾಕ್ಸಿಗಳು ಸಿಕ್ಕಿಹಾಕಿಕೊಂಡಾಗ 5ಜಿ ಮೂಲಕ ಓಡಿಸಲು ಇಂಥದ್ದೇ ಏರ್ಪಾಡು ಇಟ್ಟುಕೊಂಡಿದೆ. ಅಸಿಸ್ಟೆನ್ಸ್ ಬೇರೆ, ಡ್ರೈವಿಂಗ್ ಬೇರೆ. ಸುದ್ದಿಗಳಲ್ಲಿ ಎರಡನ್ನೂ ಕಲಸಿಬಿಡುತ್ತಾರೆ.

ಸಾಗರದಾಚೆಯಿಂದ ಕಾರು ಓಡಿಸಲು ಅಡ್ಡಿಯಾಗುವುದು ಸಮಯ. ಸರಳ ಲೆಕ್ಕ ಹಾಕೋಣ. ಗಂಟೆಗೆ 50 ಕಿ.ಮೀ. ವೇಗದ ಕಾರು ಒಂದು ಸೆಕೆಂಡಿಗೆ ಸುಮಾರು 14 ಮೀಟರ್ ಹೋಗುತ್ತದೆ. ಕ್ಯಾಮೆರಾದ ಚಿತ್ರ ಪರದೆಗೆ ಮುಟ್ಟಲು ಕಾಲು ಸೆಕೆಂಡ್ ಬೇಕು ಎಂದಿಟ್ಟುಕೊಳ್ಳಿ. ಅಷ್ಟರಲ್ಲಿ ಕಾರು ಮೂರೂವರೆ ಮೀಟರ್ ಮುಂದೆ ಹೋಗಿರುತ್ತದೆ. ಅಂದರೆ ಪರದೆ ನೋಡುವವನು ನೋಡುತ್ತಿರುವುದು ಹಳೆಯ ರಸ್ತೆ. ಅವನು ನೋಡಿ, ಅರ್ಥಮಾಡಿಕೊಂಡು, ಕಾಲು ಒತ್ತಲು ಒಂದು ಸೆಕೆಂಡ್. ಆ ಆದೇಶ ವಾಪಸ್ ಹೋಗಲು ಇನ್ನೊಂದು ಕಾಲು ಸೆಕೆಂಡ್. ಒಟ್ಟು 20 ಮೀಟರ್ ದಾಟಿತು. ತಂತ್ರಜ್ಞಾನ ಬೆಳೆದರೆ ಸರಿಹೋಗುತ್ತದೆ ಅನ್ನೋಣ ಅಂದರೆ, ಬೆಳಕಿನ ವೇಗವನ್ನು ಯಾರೂ ಹೆಚ್ಚಿಸಲಾರರು. ಫೈಬರ್ ಕೇಬಲ್ ಒಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಹೋಗುತ್ತದೆ. ಮನಿಲಾದಿಂದ ಸ್ಯಾನ್ ಫ್ರಾನ್ಸಿಸ್ಕೋಗೆ 11 ಸಾವಿರ ಕಿ.ಮೀ.ಗೂ ಜಾಸ್ತಿ ದೂರ. ಎಲ್ಲವೂ ಸರಿಯಾಗಿದ್ದರೂ ಒಂದು ಕಡೆಗೇ 50 ಮಿಲಿಸೆಕೆಂಡ್‌ಗಿಂತ ಹೆಚ್ಚು ಹಿಡಿಯುತ್ತದೆ. ಮೇಲೆ ಮೊಬೈಲ್ ನೆಟ್‌ವರ್ಕು, ವಿಡಿಯೊ ಕುಗ್ಗಿಸಿ ಹಿಗ್ಗಿಸುವ ಕೆಲಸ. ಹಾಗಾಗಿ ಮಗು ಅಡ್ಡ ಬಂದಾಗ ಬ್ರೇಕ್ ಒತ್ತುವ ಕೆಲಸ ಕಾರಿನಲ್ಲೇ ಇರಬೇಕು.

ಹಾಗಾದರೆ ಕಾರು ಕೇಳುವುದೇನು? ಕಣ್ಣಿಗೆ ಕಾಣದ್ದನ್ನಲ್ಲ. ಕಣ್ಣು ಅದಕ್ಕೆ ಬೇಕಾದಷ್ಟಿವೆ. ವೇಮೋದ ಜಾಗ್ವಾರ್ ಕಾರುಗಳಲ್ಲಿ 29 ಕ್ಯಾಮೆರಾಗಳಿವೆ, ಜೊತೆಗೆ ಲೇಸರ್ ಕಿರಣದಿಂದ ದೂರ ಅಳೆಯುವ ಲೈಡಾರ್, ರೇಡಿಯೊ ಅಲೆಯಿಂದ ಅಳೆಯುವ ರಾಡಾರ್. ಕೋನ್ ಎಲ್ಲಿದೆ ಎಂಬುದು ನನಗಿಂತ, ನಿಮಗಿಂತ ಕರಾರುವಾಕ್ಕಾಗಿ ಅದಕ್ಕೆ ಗೊತ್ತು. ಗೊತ್ತಿಲ್ಲದ್ದು ಆ ಕೋನ್ ಅಲ್ಲಿ ಯಾಕಿದೆ ಎಂಬುದು. ರಸ್ತೆ ಮುಚ್ಚಿದ್ದಾರಾ? ಕೆಲಸ ಮುಗಿದು ಒಯ್ಯುವುದನ್ನು ಮರೆತಿದ್ದಾರಾ? ನಮ್ಮ ರಸ್ತೆಗಳಲ್ಲಿ ನಡುವೆ ಒಂದು ಮರದ ಕೊಂಬೆ ನೆಟ್ಟಿರುತ್ತದೆ ನೋಡಿ, ಮೇಲೆ ಒಂದು ಕೆಂಪು ಬಟ್ಟೆ ಬೇರೆ. ಕಂಪ್ಯೂಟರಿಗೆ ಅದು ಗಿಡ. ನಮಗೆ ಅದು "ಮ್ಯಾನ್‌ಹೋಲ್ ಬಾಯಿ ತೆರೆದಿದೆ, ಹುಷಾರು" ಅಂತ ಯಾರೋ ಪುಣ್ಯಾತ್ಮ ಬರೆದ ಕಾಗದ. ದೂರದ ಸಹಾಯಕ ಇರುವುದು ಈ ಕಾಗದ ಓದಿ ಹೇಳಲು.

ಒಂದು ಸಂದರ್ಭ ಊಹಿಸಿಕೊಳ್ಳಿ. ಮುಂದೆ ಅಗ್ನಿಶಾಮಕ ವಾಹನ ಅರ್ಧ ರಸ್ತೆಗೆ ಅಡ್ಡ ನಿಂತಿದೆ. ಕಾರು ವೇಗ ಕಡಿಮೆ ಮಾಡುತ್ತದೆ. ಏನು ಮಾಡಬಹುದು ಅಂತ ತಾನೇ ಯೋಚಿಸುತ್ತಿರುವಾಗಲೇ ಸಹಾಯಕ್ಕೂ ಸಂದೇಶ ಕಳಿಸುತ್ತದೆ. ಖಾಲಿ ಇರುವ ಸಹಾಯಕರೊಬ್ಬರ ಪರದೆಯಲ್ಲಿ ಆ ಕಾರಿನ ಕ್ಯಾಮೆರಾ ಚಿತ್ರಗಳೂ, ಕಾರು ತನ್ನ ಸುತ್ತಲನ್ನು ಹೇಗೆ ಅರ್ಥಮಾಡಿಕೊಂಡಿದೆ ಎಂಬ ಮೂರು ಆಯಾಮದ ನಕ್ಷೆಯೂ ಬರುತ್ತವೆ. ಜೊತೆಗೆ ಒಂದು ಪ್ರಶ್ನೆ. ಉತ್ತರ ಕೆಲವೊಮ್ಮೆ ಬರೀ ಹೌದು, ಇಲ್ಲ. "ಈ ಲೇನ್ ಮುಚ್ಚಿದೆ" ಎಂದು ಗುರುತು ಹಾಕಬಹುದು. "ಆ ಲೇನ್ ಹಿಡಿ" ಅನ್ನಬಹುದು. ತೀರಾ ಗೋಜಲಾದರೆ ಹೋಗಬೇಕಾದ ದಾರಿಯನ್ನೇ ಪರದೆಯ ಮೇಲೆ ಸೂಚಿಸಬಹುದು. ಅಮೆಜಾನ್ ಒಡೆತನದ ಜೂಕ್ಸ್ ಕಂಪನಿಯ ಸಹಾಯಕರು ರಸ್ತೆಯ ಚಿತ್ರದ ಮೇಲೆ ಚುಕ್ಕಿಗಳನ್ನು ಇಡುತ್ತಾರೆ. ಹೆಚ್ಚುಕಡಿಮೆ ರಂಗೋಲಿಯ ಹಾಗೆ, ಚುಕ್ಕಿ ಅವರದ್ದು, ಗೆರೆ ಕಾರಿನದ್ದು. ಯಾವ ವೇಗದಲ್ಲಿ ಹೋಗಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು ಕಾರೇ ತೀರ್ಮಾನಿಸುತ್ತದೆ. ಹೇಳಿದ ದಾರಿ ಸುರಕ್ಷಿತವಲ್ಲ ಅನ್ನಿಸಿದರೆ ಒಲ್ಲೆ ಅನ್ನುವ ಅಧಿಕಾರವೂ ಅದಕ್ಕಿದೆ.

ಎಷ್ಟೋ ಸಲ ಉತ್ತರ ಬರುವ ಮೊದಲೇ ಅಡ್ಡಿ ಸರಿದುಹೋಗುತ್ತದೆ, ಕಾರು ಹೊರಡುತ್ತದೆ. ಬೇಕಾಗಬಹುದು ಅಂತ ಮುಂಚಿತವಾಗಿ ಕೇಳಿಟ್ಟಿರುತ್ತದೆ ಅಷ್ಟೆ.

ಎಷ್ಟು ಸಲ ಕೇಳುತ್ತದೆ ಎಂಬುದನ್ನು ಕಂಪನಿಗಳು ಸುಲಭವಾಗಿ ಬಾಯಿಬಿಡುವುದಿಲ್ಲ. ಬಾಯಿಬಿಟ್ಟದ್ದು ಕಷ್ಟಕ್ಕೆ ಸಿಕ್ಕಾಗ. ಜನರಲ್ ಮೋಟಾರ್ಸ್‌ನ ಕ್ರೂಸ್ ಕಂಪನಿ 2023ರ ನವೆಂಬರ್‌ನಲ್ಲಿ ಟೀಕೆಗೆ ಒಳಗಾದಾಗ ಅದರ ಮುಖ್ಯಸ್ಥ ಕೈಲ್ ವೋಗ್ಟ್ ಒಂದು ಅಂಕಿ ಕೊಟ್ಟರು. ಗಿಜಿಗುಟ್ಟುವ ನಗರದಲ್ಲಿ ತಮ್ಮ ಕಾರುಗಳಿಗೆ ಸರಾಸರಿ ಶೇ 2ರಿಂದ 4ರಷ್ಟು ಸಮಯ ಮನುಷ್ಯರ ನೆರವು ಇರುತ್ತದೆ ಎಂದರು. 15–20 ಕಾರುಗಳಿಗೆ ಒಬ್ಬ ಸಹಾಯಕ ಎಂಬುದು ಆಗ ಅವರ ಲೆಕ್ಕ. 2026ರಲ್ಲಿ ಸೆನೆಟ್ ವಿಚಾರಣೆಯ ನಂತರ ವೇಮೋ ಕೊಟ್ಟ ಲೆಕ್ಕ ಬೇರೆ ಥರ ಇದೆ. ಸುಮಾರು 3,000 ಕಾರುಗಳಿಗೆ ಯಾವುದೇ ಹೊತ್ತಿನಲ್ಲಿ ಕೆಲಸದಲ್ಲಿರುವವರು ಸುಮಾರು 70 ಜನ. ಅಂದರೆ 40ಕ್ಕೂ ಹೆಚ್ಚು ಕಾರಿಗೆ ಒಬ್ಬರು. ಅಮೆರಿಕದವರೂ ಫಿಲಿಪ್ಪೀನ್ಸ್‌ನವರೂ ಸರಿಸುಮಾರು ಅರ್ಧರ್ಧ. ಗೊಂಬೆಯಾಟದ ಅನುಮಾನ ಇರುವವರು ಈ ಅಂಕಿಯನ್ನೇ ನೋಡಬೇಕು. ಒಬ್ಬ ಮನುಷ್ಯ 40 ಕಾರು ಓಡಿಸಲಾರ. 40 ಬಸ್ಸಿಗೆ ಒಬ್ಬ ಕಂಡಕ್ಟರ್ ಆಗಬಲ್ಲ. ಎಲ್ಲವೂ ಒಟ್ಟಿಗೆ ರಿವರ್ಸ್ ತೆಗೆಯದಿದ್ದರೆ ಮಾತ್ರ.

ಒಟ್ಟಿಗೆ ತೆಗೆದರೆ? ಅದೂ ಆಯಿತು.

2025ರ ಡಿಸೆಂಬರ್ 20, ಶನಿವಾರ. ಸ್ಯಾನ್ ಫ್ರಾನ್ಸಿಸ್ಕೋದ ಒಂದು ವಿದ್ಯುತ್ ಸಬ್‌ಸ್ಟೇಷನ್‌ನಲ್ಲಿ ಬೆಂಕಿ ಬಿತ್ತು. ಸುಮಾರು 1.3 ಲಕ್ಷ ಗ್ರಾಹಕರಿಗೆ ಕರೆಂಟ್ ಹೋಯಿತು. ನಗರದ ಮೂರನೇ ಒಂದು ಭಾಗದಷ್ಟು ಕತ್ತಲೆ. ಸಿಗ್ನಲ್ ದೀಪಗಳೂ ಆರಿದವು. ನಮ್ಮಲ್ಲಿ ಸಿಗ್ನಲ್ ಆರಿದರೆ ಎಷ್ಟೋ ಜನಕ್ಕೆ ಗೊತ್ತೇ ಆಗುವುದಿಲ್ಲ, ಆ ಮಾತು ಬಿಡಿ. ಅಲ್ಲಿಯ ನಿಯಮ ಸ್ಪಷ್ಟ. ಸಿಗ್ನಲ್ ಆರಿದ ಜಂಕ್ಷನ್‌ನಲ್ಲಿ ನಾಲ್ಕೂ ಕಡೆಯವರು ಪೂರ್ತಿ ನಿಲ್ಲಬೇಕು, ಮೊದಲು ಬಂದವರು ಮೊದಲು ಹೋಗಬೇಕು. ವೇಮೋ ಕಾರುಗಳಿಗೂ ಈ ಪಾಠ ಬರುತ್ತಿತ್ತು. ಆ ದಿನ 7,000ಕ್ಕೂ ಹೆಚ್ಚು ಬಾರಿ ಆರಿದ ಸಿಗ್ನಲ್‌ಗಳನ್ನು ದಾಟಿದವು ಅಂತ ಕಂಪನಿ ಆಮೇಲೆ ಹೇಳಿತು.

ಆದರೆ ಆ ಪಾಠಕ್ಕೆ ಒಂದು ಬಾಲ ಇತ್ತು. ಕೆಲವು ಸಲ ಕಾರು ಮುಂದೆ ಹೋಗುವ ಮೊದಲು ಸಹಾಯಕರನ್ನು ಒಮ್ಮೆ ಕೇಳಿ ಖಚಿತ ಮಾಡಿಕೊಳ್ಳಬೇಕು. ಹೊಸದರಲ್ಲಿ ಎಚ್ಚರಿಕೆಗಾಗಿ ಇಟ್ಟ ಕ್ರಮ ಇದು. ಒಂದು ಸಿಗ್ನಲ್ ಕೆಟ್ಟಾಗ ಇದು ಒಳ್ಳೆಯ ಅಭ್ಯಾಸ. ನಗರದ ಸಿಗ್ನಲ್‌ಗಳು ಗುಂಪಾಗಿ ಆರಿದಾಗ ಏನಾಗುತ್ತದೆ ಅಂದರೆ, ಎಲ್ಲ ಕಾರುಗಳೂ ಒಂದೇ ಪ್ರಶ್ನೆಯನ್ನು ಒಂದೇ ಹೊತ್ತಿಗೆ ಕೇಳುತ್ತವೆ. ಜೋರು ಮಳೆ ಬಂದ ರಾತ್ರಿ ಕರೆಂಟ್ ಆಫೀಸಿಗೆ ಫೋನ್ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೇರೆ ದಿನ ಎರಡು ರಿಂಗಿಗೆ ಎತ್ತುವ ಫೋನು ಆ ರಾತ್ರಿ ಎಂಗೇಜ್. ಪ್ರಶ್ನೆಗಳ ಸಾಲು ಬೆಳೆಯಿತು. ಸಾಲಿನಲ್ಲಿದ್ದ ಕಾರುಗಳು ಜಂಕ್ಷನ್‌ಗಳ ನಡುವೆ ಎಚ್ಚರಿಕೆ ದೀಪ ಮಿಟುಕಿಸುತ್ತಾ ನಿಂತವು. ಅವುಗಳ ಹಿಂದೆ ಮನುಷ್ಯರ ಕಾರುಗಳೂ ನಿಂತವು. ಕೊನೆಗೆ ಕಂಪನಿ ನಗರದಲ್ಲಿ ಸೇವೆಯನ್ನೇ ಸ್ವಲ್ಪ ಕಾಲ ನಿಲ್ಲಿಸಿತು.

ಇದು ನನಗೆ ಇಡೀ ಏರ್ಪಾಡಿನ ನಿಜವಾದ ದುರ್ಬಲ ಜಾಗ ಅನ್ನಿಸುತ್ತದೆ. ಮನುಷ್ಯ ಡ್ರೈವರ್‌ಗಳ ಗೊಂದಲಗಳು ಬಿಡಿಬಿಡಿಯಾಗಿರುತ್ತವೆ. ಒಬ್ಬ ತಡವರಿಸುತ್ತಾನೆ, ಇನ್ನೊಬ್ಬ ನುಗ್ಗುತ್ತಾನೆ, ಮೂರನೆಯವನು ಇಳಿದು ಟ್ರಾಫಿಕ್ ಪೊಲೀಸ್ ಆಗುತ್ತಾನೆ. ಒಂದೇ ಸಾಫ್ಟ್‌ವೇರ್‌ನ ಸಾವಿರ ಕಾರುಗಳಿಗೆ ಅನುಮಾನವೂ ಒಂದೇ ಥರ, ಒಂದೇ ಕ್ಷಣದಲ್ಲಿ ಬರುತ್ತದೆ. ಶೇ 2ರಿಂದ 4 ಅನ್ನುವ ಸರಾಸರಿ ಆ ಸಂಜೆ ಯಾವ ಉಪಯೋಗಕ್ಕೂ ಬರುವುದಿಲ್ಲ. ಜನ ಹೆಚ್ಚಿಸಿದರೂ ಪೂರ್ತಿ ಪರಿಹಾರವಾಗದು, ಅಪರೂಪದ ಆ ಒಂದು ಸಂಜೆಗಾಗಿ ನೂರಾರು ಜನರನ್ನು ವರ್ಷವಿಡೀ ಕೂರಿಸಲು ಯಾರಿಂದ ಸಾಧ್ಯ? ವೇಮೋ ಹುಡುಕಿದ ದಾರಿ, ಪ್ರಶ್ನೆಯನ್ನೇ ಕಡಿಮೆ ಮಾಡುವುದು. ಈ ಭಾಗದಲ್ಲಿ ಕರೆಂಟ್ ಹೋಗಿದೆ ಎಂಬ ವಿಷಯವನ್ನು ಕಾರುಗಳಿಗೆ ತಿಳಿಸಿ, ಅವು ಕೇಳದೆಯೇ ಧೈರ್ಯವಾಗಿ ದಾಟುವಂತೆ ಸಾಫ್ಟ್‌ವೇರ್ ತಿದ್ದುತ್ತೇವೆ ಎಂದಿತು.

ಮೊಬೈಲ್ ನೆಟ್‌ವರ್ಕ್ ಕೈಕೊಟ್ಟರೂ ಇದೇ ಕತೆ. 2023ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ನಿಯಂತ್ರಕರು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹಗಲು ರಾತ್ರಿ ಬಾಡಿಗೆಗೆ ಓಡಿಸಲು ಕ್ರೂಸ್‌ಗೂ ವೇಮೋಗೂ ಒಪ್ಪಿಗೆ ಕೊಟ್ಟರು. ಮರುದಿನ ರಾತ್ರಿಯೇ ನಾರ್ತ್ ಬೀಚ್ ಪ್ರದೇಶದಲ್ಲಿ ಸುಮಾರು ಹತ್ತು ಕ್ರೂಸ್ ಕಾರುಗಳು ರಸ್ತೆಯಲ್ಲಿ ನಿಂತುಬಿಟ್ಟವು. ದೊಡ್ಡ ಸಂಗೀತ ಉತ್ಸವಕ್ಕೆ ಬಂದ ಜನರ ಫೋನುಗಳಿಂದ ನೆಟ್‌ವರ್ಕ್ ಕಿಕ್ಕಿರಿದು ಕಾರುಗಳ ಸಂಪರ್ಕಕ್ಕೆ ತೊಂದರೆಯಾಯಿತು ಎಂದು ಕಂಪನಿ ಹೇಳಿತು. ಜಾತ್ರೆಯಲ್ಲಿ ಫೋನ್ ಹತ್ತುವುದಿಲ್ಲ ಎಂಬುದು ಹಳ್ಳಿಯ ಹುಡುಗನಿಗೂ ಗೊತ್ತು!

ಇನ್ನು ಕಂಡಕ್ಟರೇ ತಪ್ಪು ವಿಸಿಲ್ ಊದಿದರೆ? ಚಾಂಡ್ಲರ್‌ನಲ್ಲಿ ಆಗಿದ್ದು ಅದೇ, ನಗುವುದರಲ್ಲಿ ಮುಗಿಯಿತು. 2024ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಒಂದು ವೇಮೋ ಕಾರು ಕೆಂಪು ದೀಪ ದಾಟಿ ಜಂಕ್ಷನ್‌ಗೆ ಹೋಯಿತು. ದೂರದ ಸಹಾಯಕರು ಕೊಟ್ಟ ತಪ್ಪು ಸೂಚನೆಯಿಂದ ಹಾಗಾಯಿತು. ಆ ಹೊತ್ತಿಗೆ ಅಲ್ಲಿಗೆ ಬರುತ್ತಿದ್ದ ಮೊಪೆಡ್ ಸವಾರರೊಬ್ಬರು ಆಯ ತಪ್ಪಿ ಬಿದ್ದರು. ಒಲ್ಲೆ ಅನ್ನುವ ಅಧಿಕಾರ ಕಾರಿಗಿದೆ ಅಂದೆನಲ್ಲ, ಆ ದಿನ ಅದು ಒಲ್ಲೆ ಅನ್ನಲಿಲ್ಲ. ಕಂಪ್ಯೂಟರ್ "ಮನುಷ್ಯ ನೋಡಿದ್ದಾನೆ" ಎಂದು ನಂಬುತ್ತದೆ, ಮನುಷ್ಯ "ಕಂಪ್ಯೂಟರ್ ನೋಡಿಕೊಳ್ಳುತ್ತದೆ" ಎಂದು ನಂಬುತ್ತಾನೆ. ಇಬ್ಬರು ನೋಡಿದ ಕೆಲಸ ಒಮ್ಮೊಮ್ಮೆ ಯಾರೂ ನೋಡದ ಕೆಲಸವಾಗುತ್ತದೆ.

ಮನುಷ್ಯನನ್ನು ಕೇಳಲು ಸಮಯವೇ ಇಲ್ಲದ ಹೊತ್ತೂ ಬರುತ್ತದೆ. 2023ರ ಅಕ್ಟೋಬರ್ 2ರ ರಾತ್ರಿ ಅದೇ ನಗರದಲ್ಲಿ ರಸ್ತೆ ದಾಟುತ್ತಿದ್ದ ಮಹಿಳೆಗೆ ಮನುಷ್ಯನೊಬ್ಬ ಓಡಿಸುತ್ತಿದ್ದ ಕಾರು ಗುದ್ದಿ ಪರಾರಿಯಾಯಿತು. ಆಕೆ ಪಕ್ಕದ ಲೇನಿನ ಕ್ರೂಸ್ ಕಾರಿನ ಮುಂದೆ ಬಿದ್ದರು. ಕ್ರೂಸ್ ಕಾರು ಬ್ರೇಕ್ ಹಾಕಿತು, ಆದರೂ ಗುದ್ದಿತು, ನಿಂತಿತು. ಅಲ್ಲೇ ನಿಂತಿದ್ದರೆ ಚೆನ್ನಾಗಿತ್ತು. ಅಪಘಾತವಾದರೆ ರಸ್ತೆಬದಿಗೆ ಸರಿ ಎಂಬ ತನ್ನ ಪಾಠದಂತೆ ಅದು ಮತ್ತೆ ಚಲಿಸಿತು. ಆಕೆ ಕಾರಿನ ಕೆಳಗೇ ಇದ್ದಾರೆ ಎಂಬುದು ಅದಕ್ಕೆ ತಿಳಿಯಲಿಲ್ಲ. ಸುಮಾರು 20 ಅಡಿ ಎಳೆದುಕೊಂಡು ಹೋಯಿತು. ಮನುಷ್ಯ ಡ್ರೈವರ್ ಇದ್ದಿದ್ದರೆ ಇಳಿದು ಬಗ್ಗಿ ನೋಡುತ್ತಿದ್ದ. ಅದೇ ತಿಂಗಳ 24ರಂದು ಕ್ಯಾಲಿಫೋರ್ನಿಯಾ ಸಾರಿಗೆ ಇಲಾಖೆ ಕ್ರೂಸ್‌ನ ಪರವಾನಗಿ ಅಮಾನತು ಮಾಡಿತು. 2024ರ ಡಿಸೆಂಬರ್‌ನಲ್ಲಿ ಜನರಲ್ ಮೋಟಾರ್ಸ್ ರೋಬೋಟ್ಯಾಕ್ಸಿ ಸಹವಾಸವೇ ಬೇಡ ಎಂದು ಕೈತೊಳೆದುಕೊಂಡಿತು.

ಕಾನೂನುಗಳು ಈ ದೂರದ ಮನುಷ್ಯನನ್ನು ಈಗೀಗ ಗಮನಿಸುತ್ತಿವೆ. ಕ್ಯಾಲಿಫೋರ್ನಿಯಾದಲ್ಲಿ ಡ್ರೈವರ್ ಇಲ್ಲದ ಕಾರು ರಸ್ತೆಗಿಳಿಯಬೇಕಾದರೆ ಕಂಪನಿಯ ಸಿಬ್ಬಂದಿಯ ಜೊತೆ ಎರಡೂ ಕಡೆಯಿಂದ ಮಾತಾಡುವ ಸಂಪರ್ಕ ಇರಲೇಬೇಕು. ಜರ್ಮನಿ 2021ರ ಕಾನೂನಿನಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಇಂಥ ಪ್ರತಿ ವಾಹನಕ್ಕೂ ಒಬ್ಬ ಮನುಷ್ಯ "ತಾಂತ್ರಿಕ ಮೇಲ್ವಿಚಾರಕ" ಇರಬೇಕು, ಅವರಿಗೆ ವಾಹನವನ್ನು ನಿಲ್ಲಿಸಲು ಆಗಬೇಕು ಎಂದು ಬರೆದಿಟ್ಟಿತು.

ವಿಸಿಲ್ ಊದುವವರನ್ನು ಬಿಟ್ಟು ಬೇರೆಯವರೂ ಈ ಕಾರುಗಳ ಸುತ್ತ ಇದ್ದಾರೆ. ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದಲ್ಲಿರುವ ಮಗಳ ಮನೆಗೆ ಹೋಗಿಬಂದವರು ವೇಮೋ ಸವಾರಿಯ ವಿಡಿಯೊ ತೋರಿಸುತ್ತಾ "ಒಳಗೆ ಒಬ್ಬಳು ಮಾತಾಡಿದಳು" ಅಂತ ಹೇಳಿದರೆ, ಅದು ಪ್ರಯಾಣಿಕರನ್ನು ವಿಚಾರಿಸಿಕೊಳ್ಳುವ ಬೇರೆ ತಂಡ. ದಾರಿ ಹೇಳುವುದು ಅವರ ಕೆಲಸವಲ್ಲ. ಪೊಲೀಸರು, ಅಗ್ನಿಶಾಮಕದವರು ಫೋನ್ ಮಾಡಲು ಬೇರೆ ವ್ಯವಸ್ಥೆ ಇದೆ. ಪಂಕ್ಚರ್ ಆದರೆ, ಪೂರ್ತಿ ಕೆಟ್ಟು ನಿಂತರೆ, ಚಾಂಡ್ಲರ್‌ನಲ್ಲಿ ಬಂದಂತೆ ಗಾಡಿ ಹತ್ತಿ ಬರುವವರು ಇನ್ನೊಂದು ಗುಂಪು.

ಎಲ್ಲಕ್ಕಿಂತ ನನಗೆ ಇಷ್ಟವಾದವರು ಇನ್ನೂ ಒಂದು ಗುಂಪಿನವರು, ಬಾಗಿಲು ಹಾಕುವವರು. ಪ್ರಯಾಣಿಕರು ಇಳಿದ ಮೇಲೆ ಬಾಗಿಲು ಸರಿಯಾಗಿ ಹಾಕದೆ ಹೋಗುತ್ತಾರೆ. ಬಾಗಿಲು ತೆರೆದಿದ್ದರೆ ಕಾರು ಹೊರಡುವುದಿಲ್ಲ. ರಾತ್ರಿಯ ಕತ್ತಲಲ್ಲೂ ಗಲ್ಲಿ ಗಲ್ಲಿ ಸುತ್ತುವ ಯಂತ್ರಕ್ಕೆ ತನ್ನ ಬಾಗಿಲು ಎಳೆದುಕೊಳ್ಳಲು ಕೈ ಇಲ್ಲ. ದೂರದ ಸಹಾಯಕ ಪರದೆಯಲ್ಲಿ ನೋಡಿ ಮಾಡುವುದೇನೂ ಇಲ್ಲ. ಅದಕ್ಕೆ ವೇಮೋ ಅಟ್ಲಾಂಟಾದಲ್ಲಿ ಒಂದು ಪ್ರಯೋಗ ಮಾಡಿತು. ಮನೆಮನೆಗೆ ಊಟ ತಲುಪಿಸುವ ಡೋರ್‌ಡ್ಯಾಶ್‌ನವರಲ್ಲಿ ಹತ್ತಿರದಲ್ಲಿ ಇರುವವರ ಫೋನಿಗೆ ಒಂದು ಕೆಲಸ ಬರುತ್ತದೆ: ಇಂಥ ಕಡೆ ಒಂದು ಕಾರು ನಿಂತಿದೆ, ಹೋಗಿ ಬಾಗಿಲು ಹಾಕಿ, ಇಷ್ಟು ದುಡ್ಡು. ಬಾಗಿಲು ತಾನೇ ಮುಚ್ಚಿಕೊಳ್ಳುವ ಗಾಡಿಗಳು ಮುಂದೆ ಬರುತ್ತವಂತೆ.